ನಾಲ್ಕು ಮೂಲೆಯ ಅರಿಶಿಣ

ಖಟಾಪಟ್, ಖಟಾಪಟ್. ಬನಹಟ್ಟಿಯಲ್ಲಿ ಆಗ ಬೆಳಗಾಗುತ್ತಿದ್ದುದೇ ಮಗ್ಗದ ಈ ಸದ್ದಿನಿಂದ. ಬೆಳಗಾವಿಯ ಕಾನ್ವೆಂಟಿನ ಸೈಲೆನ್ಸಿನಲ್ಲಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದ ನನಗೆ ಮೊದಲ ವರ್ಷ ಅದು ಬರೀ ತಲೆನೋವು. ಆಮೇಲೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ನಮ್ಮ ಗೋಡೆಗೆ ಹತ್ತಿದ ಮನೆಯ ಎರಡು ಮಗ್ಗಗಳಲ್ಲಿ ಒಂದು ತುಸು ಕುಂಟುತ್ತಿತ್ತು. ನಾನು ಶಾಲೆಯಿಂದ ರಿಟೈರ್ ಆದ ಮೇಲೆ ಸೀರೆಗೆ ಗಿರಾಕಿ ಕಡಿಮೆಯಾಗಿ, ಆ ಕುಂಟು ಸದ್ದು ವಾರಕ್ಕೆ ಎರಡೇ ದಿನ ಕೇಳತೊಡಗಿತು.

ಆ ಮನೆಯ ನೇಕಾರರನ್ನು ನಾನು ಅಣ್ಣಾರು ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ವೈನಿ. ಇಂಗ್ಲಿಷ್ ಕಲಿಸಿದ ಟೀಚರ್ ಆದ್ದರಿಂದ ಅವರಿಗೆ ನಾನು ಅಕ್ಕೋರು. ಒಂದು ದಿನ ನೋಡಿದರೆ ಗುಜರಿಯವನು ಅವರ ಮಗ್ಗದ ಕಬ್ಬಿಣ ಬಡಿದು ಬಡಿದು ನೋಡುತ್ತಿದ್ದ.

"ದೀಪಾವಳಿ ಆದಮ್ಯಾಲೆ ಒಯ್ಯಿ ಅಂದೇನ್ರಿ ಅಕ್ಕೋರ" ಎಂದರು ಅಣ್ಣಾರು, ನನ್ನ ಮುಖ ನೋಡದೆ.

ಅದೇ ಮಳೆಗಾಲದಲ್ಲಿ ಜಮಖಂಡಿಯಲ್ಲಿ ಸರ್ಕಾರದವರು ಒಂದು ಸಭೆ ಕರೆದರು. ಸೈನ್ಯಕ್ಕೆ ಬೇಕಾದ ಸಾಮಾನು ನಮ್ಮ ರಾಜ್ಯದಲ್ಲೇ ತಯಾರಾಗಲಿ, ಬೆಂಗಳೂರಿನ ದೊಡ್ಡ ಫ್ಯಾಕ್ಟರಿಗಳಲ್ಲಷ್ಟೇ ಅಲ್ಲ, ನಮ್ಮಂಥ ಊರುಗಳಲ್ಲೂ ಆಗಲಿ ಎಂಬುದು ಅವರ ಆಸೆ. ಇಂಗ್ಲಿಷ್ ಕಾಗದ ಓದಿ ಹೇಳಲು ಅಣ್ಣಾರು ನನ್ನನ್ನೂ ಬಸ್ಸು ಹತ್ತಿಸಿದರು. ಸಭೆಯಲ್ಲಿ ಪರದೆಯ ಮೇಲೆ ಒಂದಾದ ಮೇಲೊಂದು ವಿಮಾನ, ತೋಪು, ರಾಡಾರ್. ಹಿಂದಿನ ಸಾಲಿನಿಂದ ಮುಧೋಳದವರೊಬ್ಬರು ಕೆಣಕಿದರು:

"ಏನ್ರಿ ನೇಕಾರ್ರ, ನಮ್ಮೂರ ನಾಯಿ ಸೈತ ಮಿಲಿಟರಿ ಸೇರ್ಯಾವ. ನೀವು ಇನ್ನೂ ಸೀರಿ ನೇಯಾಕತ್ತೀರಿ!"

"ಮತ್ತೇನ್ ತೋಪ್ ನೇಯೂದೇನ್ರಿ?" ಅಂದರು ಅಣ್ಣಾರು. ಸಭೆಗೆ ಸಭೆಯೇ ನಕ್ಕಿತು.

ವೇದಿಕೆಯ ಮೇಲಿದ್ದ ಅಧಿಕಾರಿ ನನ್ನ ಮಗಳಿಗಿಂತ ಚಿಕ್ಕವಳು, ವಿಜಯಪುರದ ಕಡೆಯವಳು. ಆಕೆಯೂ ನಕ್ಕಳು. "ತೋಪ್ ಬ್ಯಾಡ್ರಿ ಕಾಕಾ. ತೋಪ್ ಹಾರಿಸಾಂವಗ ಗಾಯ ಆದ್ರ ಕಟ್ಟಾಕ ಪಟ್ಟಿ ಬೇಕಲ್ಲ? ಅದರ ಬಟ್ಟಿ ನೇಯ್ರಿ. ಅದೂ ಡಿಫೆನ್ಸ್ ಕೆಲಸನ."

ಶಾಲೆಯ ಆನ್ಯುವಲ್ ಡೇಗಳಲ್ಲಿ ನಾನು ಕೇಳದ ಭಾಷಣವಿಲ್ಲ. ಇಷ್ಟು ಚಿಕ್ಕ ಭಾಷಣ ಒಬ್ಬ ಮನುಷ್ಯನನ್ನು ಹೀಗೆ ನೆಟ್ಟಗೆ ಕೂರಿಸಿದ್ದನ್ನು ಮಾತ್ರ ಬೇರೆಲ್ಲೂ ನೋಡಲಿಲ್ಲ.

ಮೊದಲು ಒಂದು ಸ್ಯಾಂಪಲ್ ನೇಯ್ದು ಪರೀಕ್ಷೆಗೆ ಕಳಿಸಬೇಕು. ಪಾಸಾದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಗುಜರಿಯವನು ಕಾದೇ ಇದ್ದ. ನಾನು ನಿಯಮಗಳನ್ನು ಒಂದೊಂದಾಗಿ ಕನ್ನಡ ಮಾಡಿ ಹೇಳಿದೆ. ಗಂಜಿ ಉಳಿಯಬಾರದು, ಬಣ್ಣ ಇರಬಾರದು, ಕಲೆ ಇರಬಾರದು. ಅಣ್ಣಾರು ಹದಿನೈದು ದಿನ ಭೂತಗನ್ನಡಿ ಹಿಡಿದು ಎಳೆ ಎಳೆ ನೋಡಿ ನೇಯ್ದರು. ತೊಳೆದು ಒಣಗಿಸಿದ ಬಟ್ಟೆ ಹಾಲಿನ ಕೆನೆಯ ಹಾಗೆ ಬಿದ್ದಿತ್ತು.

ಪಾರ್ಸೆಲ್ ಕಟ್ಟುವ ದಿನ ವೈನಿ ಒಳಗಿನಿಂದ ಬಟ್ಟಲು ತಂದು, ಬೆರಳು ಅದ್ದಿ, ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿದರು. ಹೊಸ ಬಟ್ಟೆಯನ್ನು ನಮ್ಮಲ್ಲಿ ಹಾಗೇ ಯಾರೂ ಯಾರ ಕೈಗೂ ಕೊಡುವುದಿಲ್ಲ. ನಾನು ಎದುರಿಗೇ ಕೂತಿದ್ದೆ. ಐ ಮಸ್ಟ್ ಕನ್ಫೆಸ್, ಕಲೆ ಇರಬಾರದು ಎಂದು ಓದಿ ಹೇಳಿದ ನನಗೇ ಅದು ಕಲೆ ಅನ್ನಿಸಲಿಲ್ಲ. ದಾರ ಕಟ್ಟಿ, ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ಅಡ್ರೆಸ್ ಬರೆದವಳೂ ನಾನೇ.

ಬಟ್ಟೆ ತಿರುಗಿ ಬಂತು. ನೇಯ್ಗೆ ಸರಿ, ಎಳೆ ಸರಿ, ನಾಲ್ಕೂ ಮೂಲೆಯಲ್ಲಿ ಹಳದಿ ಕಲೆ. ರಿಜೆಕ್ಟೆಡ್.

"ಕಲಿ ಅಂದ್ರ? ಅರಿಶಿಣರೀ ಅದು!" ವೈನಿ ನನ್ನ ಮೇಲೇ ರೇಗಿದರು.

"ಲೇ ಹುಚ್ಚಿ, ನಿನ್ನ ಅರಿಶಿಣದ ಸಂಗಾಟ ಮಗ್ಗಾನೂ ಹೊಂಟಿತು" ಎಂದು ಅಣ್ಣಾರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟರು.

ನಾಲ್ಕು ದಿನದ ಮೇಲೆ ಆ ಅಧಿಕಾರಿ ಬಾಗಲಕೋಟೆಯ ತನ್ನ ಆಫೀಸಿನಿಂದ ತಾನಾಗಿಯೇ ಬಂದಳು. ಇನ್ನೊಂದು ಸ್ಯಾಂಪಲ್ ಕಳಿಸಲು ಅವಕಾಶವಿದೆ, ನೇಯ್ಗೆಯನ್ನು ಎಲ್ಲರೂ ಮೆಚ್ಚಿದ್ದಾರೆ ಎಂದಳು. ಅಣ್ಣಾರ ಮುಖ ಅರಳಿತು. ವೈನಿ ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ಬಿಳೇ ಬಟ್ಟಿ, ಅರಿಶಿಣ ಇಲ್ಲದ್ದು ಯಾರಿಗೆ ಹೊಚ್ತಾರ, ನಿಮಗ ಗೊತ್ತಿಲ್ಲೇನವಾ? ಯಾರದೋ ಮಗ ಗಾಯ ಆಗಿ ಮಲಗಿರ್ತಾನ. ಅವಂಗ ನನ್ನ ಮನಿಯಿಂದ ಅಂಥಾ ಬಟ್ಟಿ ಹೋಗೂದ ಬ್ಯಾಡ. ಮಗ್ಗ ಹೋದ್ರ ಹೋಗ್ಲಿ."

ಜರ್ಮ್ಸ್, ಹೈಜೀನ್ ಎಂದು ನಾನು ತಯಾರು ಮಾಡಿಕೊಂಡಿದ್ದ ಲೆಕ್ಚರನ್ನು ಅಲ್ಲಿಗೇ ಕೈಬಿಟ್ಟೆ. ಸತ್ತವರಿಗೆ ಹೊದಿಸುವ ಬಟ್ಟೆಯನ್ನು ಬದುಕಬೇಕಾದವನಿಗೆ ಹೇಗೆ ಕಳಿಸಲಿ ಎಂಬುದು ವೈನಿಯ ಪ್ರಶ್ನೆ.

ಅಧಿಕಾರಿ ನೂಲಿನ ಗಂಟಿನ ಮೇಲೆ ಕೂತು ಚಹಾ ಪೂರ್ತಿ ಕುಡಿದಳು. ಕಪ್ಪು ಕೆಳಗಿಟ್ಟು, "ಕಾಕೂ, ಬಟ್ಟಿ ಹುಟ್ಟೂದು ಎಲ್ಲಿ? ಮಗ್ಗದಾಗ. ಮಗ್ಗಕ್ಕ ಹಚ್ಚರಿ. ಅಲ್ಲಿಂದ ಬಂದದ್ದಕ್ಕೆಲ್ಲಾ ಹಚ್ಚಿದಂಗ ಆತಲ್ಲ?" ಎಂದಳು.

ವೈನಿ ಮಗ್ಗದ ಸುತ್ತ ಒಮ್ಮೆ ನಡೆದು ನೋಡಿದರು. ಆಮೇಲೆ ಒಳಗೆ ಹೋಗಿ ಬಟ್ಟಲು ತಂದು, ಮಗ್ಗದ ನಾಲ್ಕು ಕಾಲಿಗೆ ಬಾಗಿ ಬಾಗಿ ಹಚ್ಚತೊಡಗಿದರು.

"ಕೆಳಗಷ್ಟ ಹಚ್ಚ ಮಾರಾಯ್ತಿ! ಹಾರಿ ಬಟ್ಟಿಮ್ಯಾಲೆ ಬಿದ್ದೀತು" ಎಂದು ಅಣ್ಣಾರು ಕೂಗಿದರು. ಅಷ್ಟು ದಿನಗಳಲ್ಲಿ ಅವರು ನಕ್ಕದ್ದು ಆಗಲೇ.

ಸರ್ಕಾರವನ್ನು ಬೈಯುವುದು ನಮಗೆಲ್ಲ ಅಭ್ಯಾಸ. ಕಾಲುವೆ ನೀರಿಗೆ, ಕರೆಂಟಿಗೆ, ರಸ್ತೆಗೆ ನಾನೂ ಬೈದು ಪತ್ರ ಬರೆದವಳು. ಆದರೆ ಸರ್ಕಾರವೆಂದರೆ ನನಗೆ ಈಗಲೂ ಮೊದಲು ಕಾಣುವುದು ನೂಲಿನ ಗಂಟಿನ ಮೇಲೆ ಕೂತು ಚಹಾ ಕುಡಿದ ಆ ಹುಡುಗಿ. ಎರಡನೆಯ ಬಟ್ಟೆ ಪಾಸಾಯಿತು. ದೀಪಾವಳಿ ಆದಮೇಲೆ ಬಂದ ಗುಜರಿಯವನು ಚಿವಡಾ ತಿಂದು ವಾಪಸ್ ಹೋದ. ಕುಂಟು ಸದ್ದು ವಾರವಿಡೀ ಕೇಳತೊಡಗಿತು, ಮುಂದೆ ಓಣಿಯ ಇನ್ನಷ್ಟು ಮಗ್ಗಗಳಿಗೂ ಆ ಕೆಲಸ ಸಿಕ್ಕಿತು.

ನಾನು ತಂಗಿಯ ಜೊತೆ ಇರಲೆಂದು ತೇರದಾಳಕ್ಕೆ ಹೊರಟ ದಿನ ಬನಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣಾರು ಕಂಡರು. ಅದೇ ಕೊನೆ, ಮತ್ತೆ ನೋಡಲಿಲ್ಲ. ಪಕ್ಕದಲ್ಲಿ ನಿಂತ ಜಮಖಂಡಿ ಬಸ್ಸಿನಲ್ಲಿ, ಸರ್ಕಾರಕ್ಕೆ ಒಪ್ಪಿಸಬೇಕಾದ ಪಟ್ಟಿಯ ಬಟ್ಟೆಯ ಗಂಟು ಹಿಡಿದು, ಕಂಡಕ್ಟರನೊಡನೆ ಜಗಳಕ್ಕೆ ನಿಂತಿದ್ದರು.

"ಗಂಟು ಮ್ಯಾಲೆ ಹಾಕ್ರಿ ಅಜ್ಜಾರ, ಮಂದಿಗೆ ಜಾಗಾ ಇಲ್ಲ."

"ಮ್ಯಾಲೆ ಧೂಳ ಐತಿ ತಮ್ಮಾ. ಒಂದ ಕಲಿ ಆದ್ರ ಮುಗೀತು. ನನ್ನ ಸೀಟಿನ್ಯಾಗ ಇದು ಕುಂಡರ್ತೈತಿ, ನಾ ನಿಂದರ್ತೇನಿ."

ಬಸ್ಸು ಹೊರಟಿತು. ಕಿಟಕಿಯ ಪಕ್ಕದ ಸೀಟಿನಲ್ಲಿ ಬಟ್ಟೆಯ ಗಂಟು ಕೂತಿತ್ತು. ಅಣ್ಣಾರು ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯನ್ನು ಗಂಟಿನ ಮೇಲಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡು ಬಗ್ಗಿ ನಕ್ಕರು, ಕೈ ಬೀಸಲಿಲ್ಲ. ಎರಡು ಕೈಯೂ ಕೆಲಸದಲ್ಲಿದ್ದವು.