ಪಂಚರು ಸಿಗದ ಬೀದಿ

2023ರ ಜನವರಿಯಲ್ಲಿ ನಾನು ಬ್ಯಾಡಗಿ ಪುರಸಭೆಯಲ್ಲಿ ಕಿರಿಯ ಆರೋಗ್ಯ ನಿರೀಕ್ಷಕ. ಗಟಾರ, ಸೊಳ್ಳೆ, ಅಂಗಡಿ ಲೈಸೆನ್ಸ್ ನನ್ನ ಪಾಲಿನ ಕೆಲಸ. ಕಂಡವರ ದನಿ ಅಣಕಿಸಿ ನಗಿಸುವುದು ಯಾರೂ ಕೊಡದ ಕೆಲಸ. ನಮ್ಮ ಕಚೇರಿಯ ಸಾಹೇಬರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ತಡವಾಗಿ ಬಂದು ನೆಪ ಹೇಳುವ ನನ್ನ ದನಿಯನ್ನೂ ಬಿಟ್ಟಿರಲಿಲ್ಲ.

ಮೆಣಸಿನಕಾಯಿ ಹಂಗಾಮಿನಲ್ಲಿ ಪರವೂರಿನ ಖರೀದಿದಾರರು ಬಂದಿಳಿದು ಲಾಡ್ಜುಗಳೆಲ್ಲ ತುಂಬುತ್ತವೆ. ಆಗ ಗಿರಿಜಕ್ಕ ತಮ್ಮ ಮಹಡಿಯ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದರು. ಗಂಡ ತೀರಿದ ಮೇಲೆ ಹೊಲಿಗೆ ಹಾಕಿ ಬದುಕಿದವರು. ಕಣ್ಣು ಮಂಜಾದ ಮೇಲೆ ಆ ಕೋಣೆಗಳೇ ಆಧಾರ. ಬೀದಿಯ ಹನ್ನೊಂದು ಮನೆಯವರು ಸಹಿ ಹಾಕಿ ಹಾವೇರಿಯ ಜಿಲ್ಲಾ ಕಚೇರಿಗೆ ದೂರು ಕೊಟ್ಟರು: ಅಪರಿಚಿತರ ಓಡಾಟ, ಗೇಟಿಗೆ ಅಡ್ಡ ಬೈಕು, ಸ್ಯಾಂಪಲ್ ಚೀಲದ ಘಾಟಿಗೆ ಇಡೀ ಬೀದಿಗೆ ಸೀನು. ದೂರು ಮೇಜಿನಿಂದ ಮೇಜಿಗೆ ಇಳಿಯುತ್ತ ನನ್ನ ಮೇಜಿಗೆ ಬಂತು. ಅದಕ್ಕಿಂತ ಕೆಳಗೆ ಮೇಜಿರಲಿಲ್ಲ.

ವಾಸದ ಬಡಾವಣೆಯಲ್ಲಿ ಹೀಗೆ ಕೋಣೆ ಕೊಡಲು ಲೈಸೆನ್ಸ್ ಬೇಕು, ಅದಕ್ಕೆ ನೆರೆಹೊರೆಯವರ ಒಪ್ಪಿಗೆ ಬೇಕೆಂದರು ಸಾಹೇಬರು. ಗಿರಿಜಕ್ಕನ ಬಳಿ ಎರಡೂ ಇರಲಿಲ್ಲ. ಮುಚ್ಚಿಸುವ ಮೊದಲು ಪಂಚನಾಮೆ ಆಗಬೇಕು. ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದು ಬೀದಿಯ ಇಬ್ಬರಿಂದ ಸಾಕ್ಷಿ ಸಹಿ ಹಾಕಿಸಬೇಕು. ಆ ಇಬ್ಬರೇ ಪಂಚರು.

ದೂರಿಗೆ ಹನ್ನೊಂದು ಸಹಿ, ಪಂಚನಾಮೆಗೆ ಒಂದೂ ಇಲ್ಲ. ಮೂರು ದಿನ ಬಾಗಿಲು ಬಡಿದೆ.

“ಮುಂದಿನ ತಿಂಗಳ ಮಗಳ ಮದವಿ ಐತ್ರಿ. ಬೀಗರು ಇಳಿಯೋದು ಅಕ್ಕಾರ ಮಹಡಿ ಮ್ಯಾಲೆ. ಸಹಿ ಮಾಡಿ ಅವರ ಮಾರಿ ಹೆಂಗ ನೋಡ್ಲಿ?” ಅಂದರು ಮೂಲೆಮನೆಯವರು.

“ಮತ್ತ ದೂರಿಗೆ ಮಾಡೀರಲ್ರೀ?”

“ಎಲ್ಲಾರೂ ಮಾಡಿದ್ರು, ನಾವೂ ಮಾಡಿದ್ವಿ.”

ಆ ಬೀದಿಯ ಮದುವೆ, ತೊಟ್ಟಿಲು ಯಾವುದಿದ್ದರೂ ನೆಂಟರು ಮಲಗುವುದು ಅಲ್ಲೇ. ಬೀದಿಯವರಿಗೆ ಬಾಡಿಗೆಯಿಲ್ಲ.

ನಮ್ಮ ಕಚೇರಿಯಲ್ಲೊಂದು ವಾಡಿಕೆಯಿತ್ತು. ‘ಪಂಚರು ಲಭ್ಯವಾಗಲಿಲ್ಲ’ ಎಂದು ಬರೆದರೆ ಕಡತ ಹಂಗಾಮು ಮುಗಿಯುವವರೆಗೆ ಮಲಗುತ್ತಿತ್ತು. ಮೂರನೆಯ ಸಂಜೆ ಕಾಲು ಸೋತು ಗಿರಿಜಕ್ಕನ ಕಟ್ಟೆಯ ಮೇಲೆ ಕೂತೆ. ಅದನ್ನೇ ಬರೆಯಲೆಂದು ಪೆನ್ನು ತೆಗೆದಿದ್ದೆ. ಅವರು ಚಹಾ ತಂದರು.

“ಮುಚ್ಚತಾರೇನೋ ತಮ್ಮಾ?”

ಸಮಾಧಾನ ಮಾಡಲು ನನಗೆ ಬರುವುದು ಒಂದೇ ವಿದ್ಯೆ. ದೂರಿನ ಮೊದಲ ಸಹಿ ಎದುರುಮನೆಯ ನಿವೃತ್ತ ಮಾಸ್ತರರದು. ಅವರ ಮೂಗಿನ ದನಿ ತೆಗೆದೆ: “ಅಪರಿಚಿತರು ಬರ್ತಾರ್ರೀ! ನಮ್ಮ ಸಂಸ್ಕೃತಿ ಸೀನಾಕತ್ತೈತ್ರೀ!” ಗಿರಿಜಕ್ಕ ಸೆರಗು ಬಾಯಿಗೊತ್ತಿ ನಕ್ಕರು. ಉಮೇದಿಗೆ ಬಂದು ಇನ್ನೊಮ್ಮೆ ಮಾಡಿದೆ, ಗಟ್ಟಿಯಾಗಿ.

ಎದುರಿನ ಬಾಗಿಲು ತೆರೆಯಿತು. ಮಾಸ್ತರರು ಬೀದಿ ದಾಟಿ ಬಂದರು, ಹಿಂದೆ ಅವರ ಮಗ.

“ಸರಕಾರಿ ಪಗಾರ ತಗೊಂಡು ನನ್ನ ಅಣಕಸ್ತೀಯೇನಲೇ? ತಾ ಇಲ್ಲೆ ಪೆನ್ನು.”

ಇಬ್ಬರೂ ಸಹಿ ಹಾಕಿದರು. ಎರಡು ಕೋಣೆ, ನಾಲ್ಕು ಮಂಚ, ಒಂದು ಕನ್ನಡಿ. ಮೂರು ದಿನ ಆಗದ ಪಂಚನಾಮೆ ಹತ್ತು ನಿಮಿಷಕ್ಕೆ ಮುಗಿಯಿತು.

ಮುಂದಿನ ವಾರ ಕೋಣೆ ಮುಚ್ಚಿಸುವ ನೋಟಿಸು ಕೊಡಲು ನಾನೇ ಹೋದೆ. ಗಿರಿಜಕ್ಕ ಬೈಯಲಿಲ್ಲ.

“ನಿನ್ನ ಕಾಗದ ತಿರುಗಿ ತಿರುಗಿ ಸುಮ್ನಾಗಿತ್ತು ತಮ್ಮಾ. ನನ್ನ ನಗಸಾಕ ಹೋಗಿ ಕೆಡಿಸಿದಿ” ಅಂದು ಮತ್ತೆ ಚಹಾ ಕೊಟ್ಟರು. ಖರೀದಿದಾರರು ರಾಣೆಬೆನ್ನೂರಿನ ಲಾಡ್ಜು ಹಿಡಿದರು. ಮೂಲೆಮನೆಯ ಬೀಗರೂ ಅಲ್ಲೇ ಇಳಿದು ಮುಹೂರ್ತಕ್ಕೆ ಏದುಸಿರು ಬಿಡುತ್ತ ಬಂದರು. ಯುಗಾದಿಯ ಹೊತ್ತಿಗೆ ಗಿರಿಜಕ್ಕ ಮನೆಗೆ ಬೀಗ ಹಾಕಿ ಗುತ್ತಲದ ತಂಗಿಯ ಮನೆ ಸೇರಿದ್ದರು.

ಈಗ ಹಾವೇರಿಯಲ್ಲಿದ್ದೇನೆ. ಹೊಸಬರು ಈ ಕೆಲಸದ ಗುಟ್ಟು ಕೇಳುತ್ತಾರೆ. ಪಂಚರು ಸಿಗದ ದಿನ ಹಾಗೆಂದು ಬರೆದು, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿರಿ ಅನ್ನುತ್ತೇನೆ.

“ಇದು ಯಾರ ದನಿ ಸರ್ರ?” ಎಂದು ನಗುತ್ತಾರೆ.

ನನ್ನದೇ ಅಂದರೆ ನಂಬುವುದಿಲ್ಲ.