ಟಿ.ವಿ.ಗೆ ಬೆನ್ನು ಹಾಕಿದ ದೊಡ್ಡವ್ವ

ಇವತ್ತು ಬೆಳಿಗ್ಗೆ ಚಳ್ಳಕೆರೆಯ ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ಟಿ.ವಿ.ಯಲ್ಲಿ ಸುದ್ದಿ ಓದುವವನೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರೆಲ್ಲ ಅವನಿಗೆ ಬೆನ್ನು ಹಾಕಿ ಕೂತಿದ್ದರು. ನನಗೆ ಮೊಳಕಾಲ್ಮೂರಿನ ದೊಡ್ಡವ್ವ ನೆನಪಾದಳು.

ದೊಡ್ಡವ್ವ ರೇಷ್ಮೆ ಸೀರೆ ನೇಯುತ್ತಾಳೆ. ಟಿ.ವಿ. ಇರುವುದು ಅವಳ ಬೆನ್ನ ಹಿಂದೆ. ಕಣ್ಣು ಎಳೆಯ ಮೇಲೆ, ಕಿವಿ ಧಾರಾವಾಹಿಯ ಮೇಲೆ. ಒಮ್ಮೆ ಮಗ್ಗಕ್ಕೆ ರಜೆಯಿದ್ದ ದಿನ ತಿರುಗಿ ನೋಡಿ, "ಅಯ್ಯೋ, ಆ ಅತ್ತೆ ಇಷ್ಟು ಚೆಂದ ಇದಾಳಾ? ದನಿ ಕೇಳಿ ಗಯ್ಯಾಳಿ ಮುಖ ಅಂದ್ಕೊಂಡಿದ್ನಲ್ಲೋ!" ಎಂದು ಕೆನ್ನೆ ಬಡಿದುಕೊಂಡಿದ್ದಳು. ಸುದ್ದಿ ಹಾಕಿದರೆ ಮಾತ್ರ ಸಿಡುಕುತ್ತಾಳೆ: "ಯಾರ ಮನೆಗೆ ಬೆಂಕಿ ಬಿದ್ದೈತೆ ಅಂತ ಹಿಂಗೆ ಬಡ್ಕೊಂತಾನೆ ಇವ್ನು? ಆರ್ಸು." ಮಾಧ್ಯಮಗಳ ಬಗ್ಗೆ ನನ್ನ ಬ್ಲಾಗಿನಲ್ಲಿ ಪುಟಗಟ್ಟಲೆ ಕೊರೆದಿದ್ದೇನೆ, ಇದಕ್ಕಿಂತ ಹೆಚ್ಚೇನೂ ಹೇಳಿಲ್ಲ.

ಹೌದು ಸ್ವಾಮಿ, ನಾನು ಬಹಳ ಕಾಲದಿಂದ ಬ್ಲಾಗು ಬರೆಯುವವನು. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಬಂಡೆಗಳ ಫೋಟೋ, ಹಳೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾಗದೆ ಒದ್ದಾಡಿದ್ದು, ಅದಕ್ಕೆ ಹೆಂಡತಿ ಬೈದದ್ದು, ಎಲ್ಲವೂ ಅದರಲ್ಲಿದೆ. ಓದುವವರು ಮಾತ್ರ ಬರಬರುತ್ತಾ ಇಲ್ಲವಾದರು. ಹೋದ ವರ್ಷ ಗೆಳೆಯನೊಬ್ಬ, "ಲೇ, ಈಗ ಓದೋರು ಯಾರಲೇ? ಅದನ್ನ ಮುಚ್ಚಿ ವಿಡಿಯೋ ಮಾಡು" ಎಂದ. ನನಗೂ ಬೇಸರ ಬಂದಿತ್ತು, ಎಲ್ಲವನ್ನೂ ಅಳಿಸಿಬಿಡುವುದೆಂದು ತೀರ್ಮಾನಿಸಿದೆ. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು.

ಸಿದ್ದಾಪುರದ ಬಂಡೆಗಳ ಮೇಲೆ ಸೂರ್ಯ ಮೂಡುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಮೊದಲು ದೊಡ್ಡವ್ವನಿಗೇ ತೋರಿಸಲು ಹೋದೆ. ಅವಳು ಮಗ್ಗದ ಲಾಳಿ ಕೆಳಗಿಡಲಿಲ್ಲ.

"ಹಾಕು, ಕೇಳ್ತೀನಿ."

ಫೋನಿನಲ್ಲಿ ನಾನು, "ನೋಡಿ ಸ್ನೇಹಿತರೇ, ನೋಡಿ, ಎಂಥಾ ದೃಶ್ಯ!" ಎಂದು ಕಿರುಚುತ್ತಿದ್ದೆ.

"ನೋಡಿ ನೋಡಿ ಅಂತೀಯಲ್ಲ, ಏನೈತಪ್ಪಾ ಅಲ್ಲಿ? ಬಾಯ್ಬಿಟ್ಟು ಹೇಳು!"

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಬ್ಲಾಗು ಅಳಿಸುವ ಮುಂಚೆ ಇದೊಂದನ್ನಾದರೂ ಅವಳಿಗೆ ಕೇಳಿಸೋಣ ಎನ್ನಿಸಿ, ತೀರಿಕೊಂಡ ದೊಡ್ಡಪ್ಪನ ಬಗ್ಗೆ ಎಂದೋ ಬ್ಲಾಗಿನಲ್ಲಿ ಬರೆದದ್ದನ್ನು ಓದತೊಡಗಿದೆ. ಚಳ್ಳಕೆರೆಯ ನಮ್ಮ ಮನೆಗೆ ಬಂದಾಗ ಅವರು ಅಂಗಿ ಜೇಬಿನಿಂದ ಹುರಿದ ಶೇಂಗಾ ತೆಗೆದು ಹಂಚುತ್ತಿದ್ದುದು, ನಗುವ ಮೊದಲು ಒಮ್ಮೆ ಕೆಮ್ಮುತ್ತಿದ್ದುದು, ಅವ್ವ ಎಷ್ಟು ಬಲವಂತ ಮಾಡಿದರೂ ಉಳಿಯದೆ, "ನಿಮ್ಮ ದೊಡ್ಡವ್ವ ಒಬ್ಳೇ ಇದಾಳೆ, ಅವಳ್ನ ಬಿಟ್ಟು ನಂಗೆ ನಿದ್ದೆ ಬರಲ್ಲ" ಎಂದು ಕೊನೆಯ ಬಸ್ಸಿಗೆ ಓಡುತ್ತಿದ್ದುದು.

ಮಗ್ಗ ನಿಂತಿತು. ದೊಡ್ಡವ್ವ ಪೂರಾ ನನ್ನ ಕಡೆ ತಿರುಗಿ ಕೂತಳು.

"ಹಂಗಂತಿದ್ರಾ?"

"ಹೂಂ, ಬಂದಾಗೆಲ್ಲ."

"ನನ್ನ ಮುಂದೆ ಒಂದಿನಾನೂ ಅಂದೋರಲ್ಲ. ನೀನೂ ಅಷ್ಟೇ, ಊರಿಗೆಲ್ಲ ಹೇಳಿದೀಯ, ನನಗೊಬ್ಬಳಿಗೆ ಹೇಳ್ಲಿಲ್ವಲ್ಲೋ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದು" ಅಂದಳು. ಮತ್ತೆ ಮೊದಲಿನಿಂದ ಓದಿದೆ.

ಬ್ಲಾಗು ಅಳಿಸಲಿಲ್ಲ. ಈಗ ಏನು ಬರೆದರೂ ಪ್ರಕಟಿಸುವ ಮೊದಲು ಫೋನ್ ಮಾಡಿ ದೊಡ್ಡವ್ವನಿಗೆ ಓದುತ್ತೇನೆ. ಇದನ್ನೂ ಈಗಷ್ಟೇ ಓದಿದೆ. ಮುಗಿದ ಮೇಲೆ, "ನಂದು ಜಾಸ್ತಿ ಆತು ಕಣಪ್ಪ. ಅವರದ್ದು ಇನ್ನೊಂದೀಟು ಬರಿ" ಅಂದಳು.