ಫೈನಲ್ಲಿನಲ್ಲಿ ಕೂಗಿದ ಇನಾಮು

ನನ್ನ ಗಂಡ ಸೋಲಲಿ ಎಂದು ಐದು ತೆಂಗಿನಕಾಯಿ ಹರಕೆ ಹೊತ್ತುಕೊಂಡು ನಾನು ಶಹಾಪುರದ ಬಸ್ಸು ಹತ್ತಿದ್ದೆ. ಕೇಳಿದವರು ಎಂಥ ಹೆಂಗಸಪ್ಪಾ ಎನ್ನುತ್ತಾರೆ. ಅನ್ನಲಿ, ಆದರೆ ಪೂರ್ತಿ ಕೇಳಿದ ಮೇಲೆ ಅನ್ನಲಿ.

ನಮ್ಮ ಮನೆಯವರು ಸುರಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಾವ ಸೇವೆಯಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ಸಿಕ್ಕ ನೌಕರಿ. ಕಾಲುವೆ ಕೆಲಸ ಜೋರಾಗಿ ನಡೆದಿದ್ದಾಗ ಅವರನ್ನು ಎರಡು ವರ್ಷ ಭೂಸ್ವಾಧೀನದ ಕಚೇರಿಗೆ ಹಾಕಿದ್ದರು. ಅಲ್ಲಿಯ ಕ್ಯಾಂಪಿನ ಕ್ಲಬ್ಬಿನಲ್ಲಿ ಹಸಿರು ಬಟ್ಟೆ ಹೊದಿಸಿದ ಒಂದು ಮೇಜು ಇತ್ತು. ಊರ ಮಂದಿ ಹೊಲದ ಪರಿಹಾರಕ್ಕೆ ಓಡಾಡುತ್ತಿದ್ದ ಕಾಲದಲ್ಲಿ ಈ ಮನುಷ್ಯ ಇಂಜಿನಿಯರುಗಳ ಜೊತೆ ನಿಂತು ಆ ಮೇಜಿನ ಮೇಲೆ ಉದ್ದನೆಯ ಸ್ಟಿಕ್ಕಿನಿಂದ ಚೆಂಡು ಹೊಡೆಯುವುದನ್ನು ಕಲಿತು ಬಂದರು. ಆಮೇಲೆ ಸುರಪುರದಲ್ಲಿ ನಾವಿದ್ದ ರಂಗಂಪೇಟೆಯಲ್ಲೇ ಯಾರೋ ಒಂದು ಶೆಡ್ಡಿನಲ್ಲಿ ಅಂಥದೇ ಪೂಲ್ ಮೇಜು ಹಾಕಿದರು. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಎಷ್ಟು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ಕಾಲುವೆಗೆ ನೀರು ಬಂದು, ಶಹಾಪುರದ ಸುತ್ತ ಭತ್ತ ಬಂದು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಅಂಥ ಒಂದು ಗಿರಣಿಯ ಸಾವುಕಾರರು ಹೈದರಾಬಾದಿನಲ್ಲಿ ಪೂಲ್ ಪಂದ್ಯ ನೋಡಿ ಬಂದು, ತಮ್ಮ ಊರಿನಲ್ಲೂ ಅಂಥದೇ ಆಗಬೇಕೆಂದು ಹಟ ಹಿಡಿದರು. ಮೊದಲ ಬಹುಮಾನ ಐವತ್ತು ಸಾವಿರ, ಎರಡನೆಯದು ಐದು ಸಾವಿರ. ದುಡ್ಡಿಗಾಗಿಯೇ ಊರೂರು ತಿರುಗಿ ಆಡುವವರು ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬರುತ್ತಾರೆ ಎಂದು ಸುದ್ದಿಯಾಯಿತು. ಗೆದ್ದವನನ್ನು ಹೈದರಾಬಾದಿನ ಒಂದು ಕ್ಲಬ್ಬು ತನ್ನ ಆಟಗಾರನಾಗಿ ಇಟ್ಟುಕೊಳ್ಳುತ್ತದೆ ಎಂಬ ಮಾತೂ ಇತ್ತು. ಅದೇ ಮಾತು ನಮ್ಮ ಮನೆಯನ್ನು ಕೆಡಿಸಿದ್ದು.

"ಗೆದ್ರ ನೌಕರಿ ಬಿಡ್ತೀನಿ," ಎಂದರು ಒಂದು ದಿನ, ಊಟಕ್ಕೆ ಕೂತಾಗ. "ಸೋತ್ರ ಮತ್ತ ಸ್ಟಿಕ್ ಮುಟ್ಟೂದಿಲ್ಲ. ಮುಗೀತು."

"ಯಾರಿಗಿ ಮುಗೀತ್ರಿ? ಮಕ್ಕಳು ಏನ್ ತಿನ್ಬೇಕು?"

"ಐವತ್ತು ಸಾವಿರ ಬರ್ತಾವಲ್ಲ."

"ಐವತ್ತು ಸಾವಿರ ಒಮ್ಮಿ ಬರ್ತಾವ. ಪಗಾರ ತಿಂಗಳಾ ತಿಂಗಳಾ ಬರ್ತದ."

ಅವರು ಇನ್ನೊಂದು ರೊಟ್ಟಿ ಮುರಿದುಕೊಂಡರು. ನನ್ನ ಗಂಡ ಜಗಳವಾಡುವವರಲ್ಲ, ಅದೇ ಕಷ್ಟ. ನಾನು ಅಂಗನವಾಡಿ ನಡೆಸುತ್ತಿದ್ದೆ. ಅದರಿಂದ ಬರುವ ಗೌರವಧನ ಎಣ್ಣೆ ಉಪ್ಪಿಗೆ ಸರಿಹೋಗುತ್ತಿತ್ತು. ಸಣ್ಣ ಮಕ್ಕಳಿಬ್ಬರು, ಬಾಡಿಗೆ ಮನೆ. ಹೆದರಿಕೆಯಿಂದ ನನಗೆ ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ಹರಕೆ ಹೊತ್ತೆ.

ಪಂದ್ಯ ನಡೆದದ್ದು ಶಹಾಪುರದ ಒಂದು ಕಲ್ಯಾಣ ಮಂಟಪದಲ್ಲಿ. ವಧೂವರರು ಕೂರುವ ವೇದಿಕೆ ತೆಗೆದು ನಡುವೆ ಮೇಜು ಇಟ್ಟಿದ್ದರು. ಮುಂದಿನ ಸಾಲಿನ ಸೋಫಾಗಳು ಸಾವುಕಾರರ ಬೀಗರಿಗೆ ಮತ್ತು ಗೊಬ್ಬರದ ಅಂಗಡಿಯವರಿಗೆ, ಹಿಂದಿನ ಕುರ್ಚಿಗಳು ಟಿಕೀಟು ಕೊಂಡವರಿಗೆ, ಅದರ ಹಿಂದೆ ನಿಂತು ನೋಡುವವರು. ಹಿಂದಿದ್ದವರಿಗೆ ಕಾಣಲಿ ಎಂದು ಒಂದು ಪರದೆ ಕಟ್ಟಿ ಮದುವೆಯ ವಿಡಿಯೋದವನನ್ನು ಕರೆಸಿದ್ದರು. ಅವನಿಗೆ ಮದುವೆಯ ರೂಢಿ. ಚೆಂಡು ಪಾಕೆಟ್ಟಿಗೆ ಹೋಗುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ತಿರುಗಿಸಿ ಸೋಫಾದ ಮೇಲಿನ ಹಿರಿಯರ ಮುಖ ತೋರಿಸುತ್ತಿದ್ದ. ಹಿಂದಿನವರು ಬೈಯುತ್ತಿದ್ದರು. ಹೆಂಗಸರಿಗೆ ಮೇಲಿನ ಬಾಲ್ಕನಿ. ಅಲ್ಲಿ ಶೇಂಗಾ ತಿನ್ನುತ್ತಾ ಹತ್ತು ಹನ್ನೆರಡು ಮಂದಿ ಇದ್ದೆವು. ನಿಜ ಹೇಳಬೇಕೆಂದರೆ ಮೇಜು ಪೂರ್ತಿ ಕಾಣುತ್ತಿದ್ದದ್ದು ನಮಗೆ ಮಾತ್ರ.

ಮೊದಲ ದಿನವೇ ಒಂದು ರಗಳೆ ಆಗಿತ್ತಂತೆ. ನಮ್ಮ ಕಡೆ ದೊಡ್ಡಾಟದಲ್ಲಿ ಇನಾಮು ಕೂಗುವ ರೂಢಿ ಉಂಟು. ಪಾತ್ರಧಾರಿ ಚೆನ್ನಾಗಿ ಕುಣಿದರೆ ಯಾರೋ ಎದ್ದು ಐವತ್ತೊಂದು ರೂಪಾಯಿ ಕೊಡುತ್ತಾರೆ, ಮೈಕಿನವನು ಆಟ ನಿಲ್ಲಿಸಿ ಅವರ ಹೆಸರು ಕೂಗುತ್ತಾನೆ, ಪಾತ್ರಧಾರಿ ಕೊಟ್ಟವರ ಕಡೆ ತಿರುಗಿ ಕೈಮುಗಿದು ಮತ್ತೆ ಆಟಕ್ಕೆ ಇಳಿಯುತ್ತಾನೆ. ಕೈ ಮುಗಿಯದಿದ್ದರೆ ಕೊಟ್ಟವರಿಗೆ ಅವಮಾನ. ಶಹಾಪುರದ ಮಂದಿ ಪೂಲ್ ಆಟಕ್ಕೂ ಅದನ್ನೇ ಮಾಡಿದರು. ಹೈದರಾಬಾದಿನಿಂದ ಬಂದ ರೆಫರಿ ತಲೆ ಮೇಲೆ ಕೈಹೊತ್ತು ಕೂತನಂತೆ. ಅವರ ಆಟದಲ್ಲಿ ಒಂದು ಹೊಡೆತಕ್ಕೆ ಮೂವತ್ತು ಸೆಕೆಂಡು. ದಾಟಿದರೆ ಗಂಟೆ ಬಾರಿಸುತ್ತಾರೆ, ಎದುರಾಳಿ ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು. ಕೊನೆಗೆ ಸಾವುಕಾರರು ನಡುವೆ ಬಂದು, ಇನಾಮು ಕೂಗುವುದಾದರೆ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ ಎಂದು ಮಾಡಿದರು. ಪಂದ್ಯಕ್ಕೆ ಮೈಕು ಹಿಡಿದಿದ್ದ ಮಾಸ್ತರು ಒಪ್ಪಿಕೊಂಡರು. ದೊಡ್ಡಾಟದಲ್ಲಿ ಕೂಗಿ ಕೂಗಿ ಗಂಟಲು ಪಳಗಿದ ಮನುಷ್ಯ, ಪಾಪ, ಬಾಯಿ ಕಟ್ಟಿಕೊಂಡು ಕೂತಿದ್ದರು.

ನಮ್ಮ ಮನೆಯವರು ಫೈನಲ್ಲಿಗೆ ಬಂದಿದ್ದರು. ಭಾನುವಾರ ಮಧ್ಯಾಹ್ನ. ಎದುರಿಗೆ ಹೈದರಾಬಾದಿನ ಆಟಗಾರ, ಕಪ್ಪು ಅಂಗಿ, ಕೈಗೆ ಗ್ಲೌಸು. ಮೊದಲು ಏಳು ಆಟ ಗೆದ್ದವರಿಗೆ ಐವತ್ತು ಸಾವಿರ. ಒಂಬತ್ತು ಚೆಂಡುಗಳನ್ನು ನಂಬರಿನ ಪ್ರಕಾರ ಹೊಡೆಯುತ್ತಾ ಹೋಗಬೇಕು, ಒಂಬತ್ತನೆಯದನ್ನು ಪಾಕೆಟ್ಟಿಗೆ ಹಾಕಿದವರದು ಆ ಆಟ.

ನನ್ನ ಗಂಡ ಆಡುವುದನ್ನು ನಾನು ಅದಕ್ಕೂ ಮೊದಲು ನೋಡಿಯೇ ಇರಲಿಲ್ಲ. ಆ ಶೆಡ್ಡಿಗೆ ಹೆಂಗಸರು ಹೋಗುತ್ತಿರಲಿಲ್ಲ. ನಾನು ಕಂಡ ಮನುಷ್ಯ ಬೇರೆ. ಸಾಹೇಬರು ಗದರಿದರೆ ಫೈಲು ಎದೆಗವಚಿಕೊಂಡು ನಿಲ್ಲುವವರು, ಮನೆಯಲ್ಲಿ ಅರ್ಧ ಕಿವಿಯಲ್ಲಿ ಕೇಳಿ ಹೂಂ ಅನ್ನುವವರು. ಇಲ್ಲಿ ಮೇಜಿನ ಸುತ್ತ ತಿರುಗುತ್ತಿದ್ದವರು ಅವರಲ್ಲ. ಬೆನ್ನು ನೆಟ್ಟಗೆ, ಕೈಯಲ್ಲಿ ನಡುಕವಿಲ್ಲ, ಮುಖದಲ್ಲಿ ಎಂಥದೋ ಒಂದು ಸಮಾಧಾನ. ಆ ಮುಖ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಮೊದಲು ಹೊಟ್ಟೆಕಿಚ್ಚಾಯಿತು. ಒಂದು ಮೇಜಿಗೆ ಕೊಟ್ಟದ್ದನ್ನು ನನಗೆ ಕೊಡಲಿಲ್ಲವಲ್ಲ ಎಂದು.

ಅವರು ಒಂದು ಆಟ ಗೆದ್ದರೆ ನಾನು ಕಣ್ಣು ಮುಚ್ಚಿ ದೇವರಿಗೆ ಹರಕೆ ನೆನಪಿಸುತ್ತಿದ್ದೆ. ಸೋತರೆ ಉಸಿರು ಬಿಡುತ್ತಿದ್ದೆ. ಪಕ್ಕದ ಹೆಂಗಸು ನನ್ನ ಕೈ ಹಿಡಿದು, "ಅಂಜಬ್ಯಾಡವ್ವಾ, ಗೆಲ್ತಾರ," ಎನ್ನುತ್ತಿದ್ದಳು. ಅವಳಿಗೆ ಏನು ಹೇಳಲಿ. ಐದಕ್ಕೆ ಐದಾಯಿತು, ಆರಕ್ಕೆ ಆರಾಯಿತು. ಕೆಳಗೆ ಯಾರೂ ಶಿಳ್ಳೆ ಹಾಕುತ್ತಿರಲಿಲ್ಲ. ಉಳಿದದ್ದು ಒಂದೇ ಆಟ.

ಅದರಲ್ಲಿ ಹೈದರಾಬಾದಿನವನು ನಾಲ್ಕನೇ ಚೆಂಡು ತಪ್ಪಿಸಿದ. ಇವರು ಎದ್ದು ನಾಲ್ಕು, ಐದು, ಆರು ಹಾಕಿದರು. ಏಳನೆಯದು ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು. ಅದನ್ನೂ ಮೇಜಿನ ಅಂಚಿಗೆ ಬಡಿದು ಪಾಕೆಟ್ಟಿಗೆ ಹಾಕಿದರು. ಆಗ ಅವರು ತಮ್ಮಷ್ಟಕ್ಕೆ ತಾವೇ ನಕ್ಕರು. ಯಾರಿಗೂ ತೋರಿಸುವ ನಗೆಯಲ್ಲ. ಆ ನಗೆ ನೋಡಿದ್ದೇ ನನ್ನೊಳಗೆ ಏನೋ ಜಾರಿತು. ಈ ಮನುಷ್ಯನನ್ನು ಆ ಕಚೇರಿಯ ಮೂಲೆ ಕುರ್ಚಿಗೆ ಕಟ್ಟಿಹಾಕಲು ದೇವರಿಗೆ ಕಾಯಿಯ ಹರಕೆ ಹೊತ್ತವಳು ನಾನೇ ಅಲ್ಲವೇ ಎಂದು ನಾಚಿಕೆಯಾಯಿತು. ಗೆಲ್ಲಲಿ ಎಂದುಕೊಂಡೆ. ಉಪವಾಸ ಬಿದ್ದರೂ ಬೀಳೋಣ, ಗೆಲ್ಲಲಿ. ಎಂಟನೇ ಚೆಂಡೂ ಹೋಯಿತು. ಮೇಜಿನ ಮೇಲೆ ಬಿಳಿ ಚೆಂಡು ಮತ್ತು ಒಂಬತ್ತು, ಎರಡೇ.

ಅಷ್ಟರಲ್ಲಿ ಕೆಳಗೆ ನನ್ನ ಅಪ್ಪ ಕಂಡರು. ಹೊಲಕ್ಕೆ ನೀರು ಕಟ್ಟಿ, ನನ್ನ ತವರೂರು ಸಗರದಿಂದ ಆಗಷ್ಟೇ ಬಂದಿದ್ದರು. ಅಂಗಿಯ ಒಳಜೇಬಿನಿಂದ ನೂರರ ನೋಟು, ಮೇಲೊಂದು ರೂಪಾಯಿ ತೆಗೆದು ನೇರ ಮೈಕಿನ ಮಾಸ್ತರ ಹತ್ತಿರ ಹೋಗುತ್ತಿದ್ದರು. ಹೊಸ ಕಟ್ಟುಪಾಡು ಅವರಿಗೆ ಗೊತ್ತಿಲ್ಲ. ಅಳಿಯಂದಿರು ಆಡುವಾಗ ಕೊಡದ ಇನಾಮು ಮತ್ತೆ ಯಾವಾಗ ಕೊಡುವುದು?

ನಾನು ಎದ್ದೆ. ಮೆಟ್ಟಿಲು ಇಳಿದು ಗಂಡಸರ ನಡುವೆ ನುಗ್ಗಿದೆ. ಯಾರ ಕಾಲು ತುಳಿದೆನೋ, ಯಾರು ಬೈದರೋ. ಹತ್ತಿರ ಹೋದಂತೆ ಮಾಸ್ತರ ಮಾತು ಕೇಳಿಸಿತು. ಮೈಕಿಗೆ ಕೈ ಅಡ್ಡ ಹಿಡಿದು, "ತಡ್ರಿ ಗೌಡ್ರ, ಈ ಆಟ ಮುಗೀಲಿ," ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ನೋಟು ಮುಂದೆ ಚಾಚಿಕೊಂಡೇ ನಿಂತಿದ್ದರು. ನಾನು ಸುಮ್ಮನೆ ಅಲ್ಲೇ ನಿಂತಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ಏದುಸಿರು ಬಿಡುತ್ತಾ ಹೋಗಿ ಅಪ್ಪನ ಕೈಯಿಂದ ಆ ನೋಟು ಕಸಿಯಲು ಕೈ ಹಾಕಿದೆ.

ಮಾಸ್ತರು ನನ್ನನ್ನು ನೋಡಿದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಅಪ್ಪ ಮಗಳು ಇಬ್ಬರೂ ಹಿಡಿದ ನೋಟು ನೋಡಿದರು. ದೊಡ್ಡಾಟದ ಮನುಷ್ಯನಿಗೆ ಅದನ್ನು ನುಂಗಿಕೊಳ್ಳಲು ಆಗಲಿಲ್ಲ.

"ಆಟಗಾರರ ಧರ್ಮಪತ್ನಿಯವರೇ ಖುದ್ದಾಗಿ ಬಂದು," ಎಂದು ಮೈಕು ಗುಡುಗಿತು, "ತಂದೆಯವರ ಸಂಗಡ ಒಂದುನೂರಾ ಒಂದು ರೂಪಾಯಿ ಇನಾಮು ಕೊಡಾಕತ್ತಾರ!"

ನಮ್ಮ ಮನೆಯವರು ಬಾಗಿ ಸ್ಟಿಕ್ ಹಿಂದಕ್ಕೆ ಎಳೆದಿದ್ದರು. ಎಳೆದದ್ದು ಹಾಗೇ ನಿಂತಿತು. ಮೆಲ್ಲಗೆ ಎದ್ದು ನನ್ನ ಕಡೆ ನೋಡಿದರು. ವಿಡಿಯೋದವನು ಕ್ಯಾಮೆರಾ ತಿರುಗಿಸಿ ಪರದೆಯ ತುಂಬ ನನ್ನ ಮುಖ ಹಾಕಿದ. ಆಡ್ರಿ ಎನ್ನಬೇಕು, ನನ್ನನ್ನು ನೋಡಬೇಡಿ, ಹೊಡೀರಿ ಎನ್ನಬೇಕು. ಅಷ್ಟೂ ಆಗದೆ ನೋಟು ಹಿಡಿದುಕೊಂಡೇ ನಿಂತೆ. ಅವರ ಮುಖದಲ್ಲಿದ್ದ ಆ ಸಮಾಧಾನ ನಾನು ನೋಡುತ್ತಿದ್ದಂತೆಯೇ ಆರಿಹೋಯಿತು. ಓಹೋ, ಹೀಗಾ, ಎಂದು ಅರ್ಥ ಮಾಡಿಕೊಂಡವರಂತೆ ತಲೆ ಆಡಿಸಿದರು. ಸ್ಟಿಕ್ಕನ್ನು ಮೇಜಿಗೆ ಒರಗಿಸಿ ಎರಡೂ ಕೈ ಜೋಡಿಸಿ ನನಗೆ ಮುಗಿದರು. ಮಂಟಪವೆಲ್ಲ ಚಪ್ಪಾಳೆ. ಚಪ್ಪಾಳೆಯ ನಡುವೆ ರೆಫರಿಯ ಗಂಟೆ ಹೊಡೆಯಿತು.

ಹೈದರಾಬಾದಿನವನು ಬಿಳಿ ಚೆಂಡನ್ನು ಒಂಬತ್ತರ ಎದುರಿಗೇ ಇಟ್ಟು ಒಂದೇ ಏಟಿಗೆ ಮುಗಿಸಿದ. ಆಮೇಲೆ ಬಂದು ನಮ್ಮವರ ಕೈ ಕುಲುಕಿ ತಪ್ಪಾಯಿತು ಎನ್ನುವಂತೆ ಏನೋ ಉರ್ದುವಿನಲ್ಲಿ ಹೇಳಿದ. ಅಪ್ಪನಿಗೆ ಮಾತ್ರ ಹಿಗ್ಗೋ ಹಿಗ್ಗು. "ಅಷ್ಟು ದೊಡ್ಡ ಆಟದಾಗನೂ ನಮ್ಮ ಇನಾಮಿಗಿ ಎಷ್ಟು ಮರ್ಯಾದಿ ಕೊಟ್ರು ನೋಡಿದಿ?" ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳಿದರು. ಅವರಿಗೆ ಏನೂ ತಿಳಿಸಲಿಲ್ಲ. 

ಮರುದಿನ ಅವರು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ಅಡ್ಡ ನಿಂತೆ.

"ನೌಕರಿ ಬಿಡ್ರಿ," ಎಂದೆ. "ನಿನ್ನಿ ಸೋತದ್ದು ಲೆಕ್ಕಕ್ಕಿಲ್ಲ. ಅಪ್ಪನ ಹೊಲದಾಗಿಂದ ಕಾಳು ಬರ್ತಾವ, ನಾ ಹೆಂಗರ ಸಂಭಾಳಿಸ್ತೀನಿ. ಒಂದೆರಡು ವರ್ಷ ಆಡಿ ನೋಡ್ರಿ."

ಅವರು ತಲೆ ಎತ್ತಲಿಲ್ಲ. "ನಿನ್ನಿ ಹೇಳಬೇಕಿತ್ತು."

"ನಿನ್ನಿ ನಿಲ್ಲಸಾಕ ಬಂದಿದ್ದೆನ್ರಿ. ಅಪ್ಪನ ತಡೀಬೇಕಂತ."

"ಆತು ಬಿಡು."

"ನಂಬ್ರಿ ನನ್ನ."

"ನಂಬಿಲ್ಲ ಅಂತ ಯಾರಂದ್ರು?" ಎಂದು ಕೊಡೆ ತೆಗೆದುಕೊಂಡು ಹೊರಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬಡಿದಾಡಿ ಗೆಲ್ಲುತ್ತಿದ್ದೆ.

ಅಂದಿನಿಂದ ಸ್ಟಿಕ್ ಮುಟ್ಟಲಿಲ್ಲ. ಆಡಿದ ಮಾತಿಗೆ ನಿಂತರು. ಆ ಕಚೇರಿಗೆ ನಿವೃತ್ತಿಯ ದಿನದವರೆಗೂ ಹೋದರು. ಮಕ್ಕಳು ಓದಿದರು, ರಂಗಂಪೇಟೆಯಲ್ಲೇ ಎರಡು ಕೋಣೆಯ ಮನೆ ಕಟ್ಟಿದೆವು, ಈಗ ಪೆನ್ಷನ್ ಬರುತ್ತದೆ. ನಾನು ಕೇಳಿಕೊಂಡದ್ದೆಲ್ಲ ಸಿಕ್ಕಿದೆ. ಮನೆಗೆ ಯಾರಾದರೂ ಬಂದರೆ ಅವರು ನನ್ನ ಕಡೆ ಕೈ ತೋರಿಸಿ, "ನಮ್ಮಾಕಿಯಿಂದ ನೌಕರಿ ಉಳೀತ್ರಿ," ಎನ್ನುತ್ತಾರೆ. ಬಂದವರು ಅದನ್ನು ಹೊಗಳಿಕೆ ಎಂದೇ ತಿಳಿಯುತ್ತಾರೆ. ನಾನು ಎದ್ದು ಒಳಗೆ ಹೋಗಿ ಚಹಾ ಇಡುತ್ತೇನೆ.